ಎರಡರಲ್ಲಿ ನಿಂತ ಅಂಕಿ

ಕಥೆ ಕಟ್ಟುವ ಚಪಲ ನನಗಿಲ್ಲ. ಹಬೆ ಕೊಳವೆಯ ವಾಲ್ವ್ ಎಷ್ಟು ತೆರೆದಿದೆ ಎಂದು ಕಂಟ್ರೋಲ್ ರೂಮಿನ ಪರದೆಯಲ್ಲಿ ನೋಡುತ್ತ ಕೂರುವುದು ನನ್ನ ಕೆಲಸ. ಸೊನ್ನೆ ಎಂದರೆ ಪೂರ್ತಿ ಮುಚ್ಚಿದೆ, ನೂರು ಎಂದರೆ ಪೂರ್ತಿ ತೆರೆದಿದೆ. ಹೋದ ವರ್ಷ ಆ ವಾಲ್ವ್ ಪಕ್ಕದಲ್ಲೇ ಕುಸಿದು ತೀರಿಕೊಂಡ ನಮ್ಮ ಫಿಟ್ಟರಜ್ಜ ಮಾತ್ರ ಎಂದೂ ಸೊನ್ನೆಗೆ ಬಿಟ್ಟವನಲ್ಲ. "ಬಿಗಿ ಮಾಡಿದ್ರೆ ಕಚ್ಕೊಳ್ಳುತ್ತೆ ಕಣಪ್ಪಾ" ಎನ್ನುತ್ತ, ನಾನೆಷ್ಟು ರೇಗಿದರೂ, ಚೂರು ಹಿಂದಕ್ಕೆ ತಿರುಗಿಸಿ ಎರಡರಲ್ಲೇ ನಿಲ್ಲಿಸುತ್ತಿದ್ದ.

ಮೊನ್ನೆ ಬೆಳಿಗ್ಗೆ ಆ ವಾಲ್ವನ್ನು ರಿಪೇರಿಗೆ ಬಿಚ್ಚಿಕೊಂಡು ಹೋಗಿದ್ದರು. ಆದರೂ ಮಧ್ಯಾಹ್ನ ಪರದೆಯಲ್ಲಿ ಅದರ ಅಂಕಿ ಮೆಲ್ಲಗೆ ಏರಿತು, ಇಳಿಯಿತು, ಎರಡಕ್ಕೆ ಬಂದು ನಿಂತಿತು. ಮತ್ತೆ ಏರತೊಡಗಿತು. ವರ್ಕ್‌ಶಾಪಿನಲ್ಲಿದ್ದ ಭಾವನಿಗೆ ಫೋನ್ ಮಾಡಿದೆ.

"ಭಾವ, ವಾಲ್ವನ್ನ ಯಾರಾದ್ರೂ ತಿರುಗಿಸ್ತಿದ್ದಾರಾ?"

"ತಲೆ ಕೆಟ್ಟಿದ್ಯಾ ನಿಂಗೆ? ವೈರೆಲ್ಲ ಕಿತ್ತು ಮೇಜಿನ ಮೇಲೆ ಇಟ್ಟಿದ್ದೀವಿ. ನನ್ನ ಕಣ್ಮುಂದೇನೇ ಇದೆ."

"ಒಂದ್ಸಲ ಮುಟ್ಟಿ ನೋಡಿ."

ಭಾವ ಚೀರಿದ್ದು ಕೇಳಿಸಿತು. ಬೆಳಗಿನಿಂದ ತಣ್ಣಗೆ ಬಿದ್ದಿದ್ದ ಕಬ್ಬಿಣ ಅವನ ಅಂಗೈ ಸುಟ್ಟಿತ್ತು.

ಸಂಜೆ ಹೊಚ್ಚ ಹೊಸ ವಾಲ್ವ್ ಕೂರಿಸಿದರು. ಪೂರ್ತಿ ಮುಚ್ಚಲು ಗುಂಡಿ ಒತ್ತಿದೆ. ಅಂಕಿ ಸೊನ್ನೆಗೆ ಬಂತು, ಸದ್ಯ ಎಂದುಕೊಂಡೆ. ಆಮೇಲೆ, ಯಾರೂ ಏನೂ ಮುಟ್ಟದೆ, ವಾಲ್ವ್ ಚೂರು ಹಿಂದಕ್ಕೆ ತಿರುಗಿ ಅಂಕಿ ಎರಡರಲ್ಲಿ ನಿಂತಿತು.