ಚುಕ್ಕಾಣಿ ಪರೀಕ್ಷೆಯ ಅರ್ಧ ಗಂಟೆ

ಕಡಲ ಕೆಲಸವನ್ನು ದಡದಿಂದಷ್ಟೇ ಕಂಡವರು ಈ ಕಥೆ ಹೇಳಹೊರಡುವುದು ಅಧಿಕಪ್ರಸಂಗವೇ ಸರಿ. ಎಲ್ಲಾದರೂ ಹೆಚ್ಚುಕಮ್ಮಿಯಾದರೆ ತಿಳಿದವರು ಮನ್ನಿಸಬೇಕು.

ಅವಳು ಬಂದರಿನ ಇನ್‌ಸ್ಪೆಕ್ಟರ್. ಅವನು ಪೆಟ್ರೋಲ್ ಹೊತ್ತು ಬಂದ ಟ್ಯಾಂಕರ್ ಹಡಗಿನ ಸೆಕೆಂಡ್ ಆಫೀಸರ್. ಇಬ್ಬರದೂ ಒಂದೂವರೆ ವರ್ಷದ ಗುಟ್ಟಿನ ಪ್ರೀತಿ. ಆ ಬೆಳಿಗ್ಗೆ ತಪಾಸಣೆಗೆ ಹೋಗಬೇಕಿದ್ದ ಸಹೋದ್ಯೋಗಿ ಜ್ವರವೆಂದು ಮಲಗಿದ್ದರಿಂದ ಅವಳೇ ಅವನ ಹಡಗಿನ ಏಣಿ ಹತ್ತಿದಳು.

ಹಡಗು ನಡೆಸುವ ಮೇಲಿನ ಕೋಣೆಯಲ್ಲಿ ಅವನೊಬ್ಬನೇ ಇದ್ದ. ಹೆಲ್ಮೆಟ್ಟಿನಿಂದ ಜಾರಿದ ಅವಳ ಕೂದಲೆಳೆಯನ್ನು ನೋಡಿ ತುಟಿಯಂಚಿನಲ್ಲೇ ನಕ್ಕ.

"ಬನ್ನಿ ಮೇಡಂ. ಹೆಣ್ಣು ನೋಡೋಕೆ ನಾವು ಬರ್ಬೇಕಿತ್ತು. ಗಂಡು ನೋಡೋಕೆ ನೀವೇ ಬಂದ್ಬಿಟ್ರಾ?"

"ಬಾಯ್ ಮುಚ್ಕೊಂಡು ಲಾಗ್‌ಬುಕ್ ಕೊಡು."

"ಅಮ್ಮ ಒಪ್ಪಿ ಆಯ್ತಲ್ಲ, ನನ್ನನ್ನೇ ಕೊಟ್ಬಿಡ್ತೀನಿ, ತಗೋ."

ಅವಳ ಕೆನ್ನೆ ಬಿಸಿಯಾಯಿತು. ನಗು ಅಡಗಿಸಲು ಅವನು ಚಾಚಿದ ಹಡಗಿನ ದಿನಚರಿಯ ಪುಟ ತಿರುವಿದಳು.

'ಬೆಳಿಗ್ಗೆ ಆರು ಹತ್ತರಿಂದ ಆರು ನಲವತ್ತು, ಚುಕ್ಕಾಣಿ ಪರೀಕ್ಷೆ, ಸರಿಯಿದೆ.' ಕೆಳಗೆ ಅವನ ಸಹಿ. ಬಂದರು ಹೊಗುವ ಮುನ್ನ ತಪ್ಪದೆ ಮಾಡಬೇಕಾದ ಪರೀಕ್ಷೆ ಅದು. ಮೇಲೊಬ್ಬ ಚಕ್ರ ತಿರುಗಿಸಬೇಕು. ಕೆಳಗೆ, ಕಿವಿ ಗಡಚಿಕ್ಕುವ ಯಂತ್ರದ ಸದ್ದಿನಲ್ಲಿ, ಇನ್ನೊಬ್ಬ ಚುಕ್ಕಾಣಿ ತಿರುಗಿತೇ ಎಂದು ಕಣ್ಣಾರೆ ನೋಡಬೇಕು.

ಅವಳ ನಗು ಆರಿತು.

"ಈ ಅರ್ಧ ಗಂಟೆ ನೀವೆಲ್ಲಿದ್ರಿ?"

ಇಬ್ಬರೇ ಇದ್ದಾಗ ಅವಳು ಎಂದೂ ಅವನಿಗೆ 'ನೀವು' ಎಂದವಳಲ್ಲ.

"ಕೆಳಗೆ. ಚುಕ್ಕಾಣಿ ಹತ್ರ."

"ಕ್ಯಾಬಿನ್ನಲ್ಲಿ ಪಿಸುಗುಟ್ತಾ ಇದ್ರಿ. ನನ್ನ ಜೊತೆ, ಫೋನಲ್ಲಿ. ನಿಮ್ಮಮ್ಮ ಒಪ್ಪಿದ ಸುದ್ದಿ."

ಅವನು ಹಗುರಾಗಿ ನಕ್ಕ. "ಅದೊಂದು ಸಾಲು ಕಣೇ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಯ್ತಲ್ಲ."

"ಇನ್ನೈದು ನಿಮಿಷ ಇರು, ಇಡ್ಬೇಡ ಅಂತ ಗೋಗರೆದಿದ್ದು ಯಾರು? ಅದನ್ನೂ ಬರೀತೀಯಾ?"

ಮಾತು ಚೂರಿಯಂತೆ ನಾಟಿತು. ಅವಳು ಕ್ಯಾಪ್ಟನ್ನನ್ನು ಕರೆಸಿ, ಈಗಲೇ ಪರೀಕ್ಷೆ ಮಾಡಿಸಿ ಎಂದಳು. ತಾನೇ ಕೆಳಗಿಳಿದು ನಿಂತಳು. ಚುಕ್ಕಾಣಿ ಕೆಟ್ಟಿರಲಿ ಎಂದು ಮನಸ್ಸು ಬೇಡುತ್ತಿತ್ತು. ಕೆಟ್ಟಿದ್ದರೆ ಬರೆಯುವುದು ಸುಲಭವಾಗುತ್ತಿತ್ತು. ಚುಕ್ಕಾಣಿ ಎಡಕ್ಕೂ ಬಲಕ್ಕೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ತಿರುಗಿತು.

"ನೋಡಿದ್ಯಾ? ಏನೂ ಆಗಿಲ್ಲ," ಮೆಟ್ಟಿಲ ಬಳಿ ಅಡ್ಡಗಟ್ಟಿದ ಅವನ ದನಿ ಈಗ ಒಡೆದಿತ್ತು. "ಮುಂದಿನ ತಿಂಗಳು ನನಗೆ ಬಡ್ತಿ ಪರೀಕ್ಷೆ. ಬರೆದ್ರೆ ಲೈಸೆನ್ಸೇ ಹೋಗುತ್ತೆ. ನಿಂಗೆ ನನ್ಮೇಲೆ ಪ್ರೀತಿ ಇದೆಯೋ ಇಲ್ವೋ, ಅದಷ್ಟು ಹೇಳು."

"ಇದೆ. ಪ್ರಾಣದಷ್ಟಿದೆ."

"ಮತ್ತೆ?"

"ಊರ ಮಗ್ಗುಲಿಗೇ ಪೆಟ್ರೋಲ್ ತಂದ್ರಿ, ಚುಕ್ಕಾಣಿ ತಿರುಗುತ್ತೋ ಇಲ್ವೋ ನೋಡ್ದೆ. ದಾರಿ ಬಿಡಿ."

ಅವನು ಬಿಡಲಿಲ್ಲ. ಅವಳು ಭುಜ ತಗುಲಿಸಿಕೊಂಡೇ ದಾಟಿದಳು.

ಕ್ಯಾಪ್ಟನ್ನನ ಮೇಜಿನ ಮೇಲೆ, ಕ್ಯಾಪ್ಟನ್ನನೂ ಅವನೂ ನೋಡುತ್ತಿರುವಂತೆಯೇ, ವರದಿ ಬರೆದಳು. ಸಾಕ್ಷಿಯ ಜಾಗದಲ್ಲಿ ತನ್ನ ಹೆಸರನ್ನೂ ಕರೆಯ ಸಮಯವನ್ನೂ ತುಂಬಿದಳು. ಸಂಬಂಧ ಎಂಬಲ್ಲಿ, 'ಮದುವೆಯಾಗಬೇಕಿದ್ದವರು' ಎಂದು.

ಅವನು ಅದನ್ನು ಓದಿದ. "ನಿನ್ನಂಥವಳನ್ನ ಕಟ್ಕೊಳ್ಳೋದು ತಪ್ತು, ಪುಣ್ಯ ನಂದು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಅವಳು ತಲೆಯೆತ್ತದೆ ಸಹಿ ಹಾಕಿದಳು.

ಅವನ ಲೈಸೆನ್ಸ್ ಎರಡು ವರ್ಷಕ್ಕೆ ಅಮಾನತಾಯಿತು. ಸಂಬಂಧ ಮುಚ್ಚಿಟ್ಟು ತಪಾಸಣೆಗೆ ಹೋದದ್ದಕ್ಕೆ ಅವಳನ್ನೂ ಹಡಗು ಹತ್ತದ ಕಚೇರಿ ಕೆಲಸಕ್ಕೆ ಹಾಕಿದರು. ಆ ಎರಡು ವರ್ಷ ಕಳೆದು ಈಗ ಎಷ್ಟೋ ಕಾಲವಾಗಿದೆ. ಅವನು ಮತ್ತೆ ಕಡಲಿಗೆ ಹೋದನೇ, ಅವಳನ್ನು ಕ್ಷಮಿಸಿದನೇ, ಕ್ಷಮೆ ಕೇಳಬೇಕಾದವರು ಅವರಲ್ಲಿ ಯಾರು, ಇದೊಂದೂ ಗೊತ್ತಿಲ್ಲ.