ಮುಂದಕ್ಕೆ ಹೋಗದ ಬೀಟು

ಕೇಳಿ, ನನ್ನ ಮೊದಲ ಹಾಡಿಗೇ ಸಭಾಂಗಣ ಎದ್ದು ನಿಂತಿತ್ತು. ಹೀರೋ ಎಂಟ್ರಿ ಅಂದರೆ ಹಾಗಿರಬೇಕು.

ಅದಕ್ಕೂ ಮೊದಲು ತಿಂಗಳುಗಟ್ಟಲೆ ನಾನು ಒಂದೇ ತುಣುಕಿನಲ್ಲಿ ಸಿಕ್ಕಿಬಿದ್ದಿದ್ದೆ. ಕಂಪ್ಯೂಟರಿನಲ್ಲಿ ಅದೇ ಬೀಟು ಗಾಣದೆತ್ತಿನಂತೆ ಸುತ್ತುತ್ತಿತ್ತು. ಕಾರ್ಯಕ್ರಮದ ದಿನವೂ ಬಂತು; ಅಂದು ಸಂಜೆ ನನ್ನಕ್ಕ ಅದಕ್ಕೇ ಕುಣಿಯಬೇಕಿತ್ತು.

"ಲೋ, ಹಾಡು ಮುಗೀತಾ, ಇಲ್ಲ ನಾನು ಸ್ಟೇಜ್ ಮೇಲೆ ನಿಂತು ಆಕಳಿಸ್ಲಾ?"

"ಕ್ಲೈಮ್ಯಾಕ್ಸಲ್ಲಿ ನೋಡ್ಕೋ ತಾಯಿ" ಎಂದು ಬುರುಡೆ ಬಿಟ್ಟೆ.

ಬೇರೇನೂ ತೋಚದೆ ಒಂದೊಂದೇ ವಾದ್ಯವನ್ನು ಮ್ಯೂಟ್ ಮಾಡಿದೆ. ಡ್ರಮ್ ಹೋಯಿತು, ಬೇಸ್ ಹೋಯಿತು. ಎಲ್ಲ ನಿಂತ ಮೇಲೂ ಹೆಡ್‌ಫೋನಿನಲ್ಲಿ ಯಾರೋ ಹೆಂಗಸು ತೆಳ್ಳಗೆ ಗುನುಗುತ್ತಿದ್ದಳು. ಎಡಗಿವಿ ಮಾತ್ರ ತಣ್ಣಗಾಯಿತು. ವೇಗ ಇಳಿಸಿದೆ, ಗುನುಗೂ ನಿಧಾನವಾಯಿತು. ನನ್ನ ತುಣುಕು ಮುಗಿಯುವಲ್ಲಿ ಅವಳು ನಿಲ್ಲಲಿಲ್ಲ, ಮುಂದಿನ ಸಾಲಿಗೆ ಹೋದಳು. ಅಲ್ಲಿಂದ ಇನ್ನೊಂದಕ್ಕೆ. ನಾನು ಅವಳ ಹಿಂದೆಯೇ ಕೀಬೋರ್ಡ್ ನುಡಿಸುತ್ತಾ ಹೋದೆ. ಹಾಡು ಮುಗಿಯಿತು.

ಅಕ್ಕ ಕುಣಿದಳು. ಚಪ್ಪಾಳೆ ಬಿತ್ತು. ಮನೆಗೆ ಬರುವಾಗ ಕೇಳಿದಳು, "ಮಧ್ಯೆ ಗುನುಗ್ತಾಳಲ್ಲ, ಯಾರೋ ಅವಳು? ನಮ್ಮನೆ ಸೊಸೆನಾ?"

ನಾನು ಕಾಲರ್ ಎತ್ತಿಕೊಂಡು ನಕ್ಕೆ.

ನಿಜ ಹೇಳುತ್ತೇನೆ. ಆ ಹಾಡು ಕಟ್ಟಿದ್ದು ನಾನಲ್ಲ, ಕೇಳಿಸಿದ್ದನ್ನು ನುಡಿಸಿದೆ ಅಷ್ಟೇ. ಅವಳ ದನಿಯನ್ನಂತೂ ನಾನು ಹಾಡಿಗೆ ಸೇರಿಸಿಯೇ ಇರಲಿಲ್ಲ.