ಗೋಡೆ ಕಡೆ ತಿರುಗಿದ ಬಾಟಲಿಗಳು

“ಅಮ್ಮಾ! ನನ್ನ ಮುಖ ನೋಡು!”

ಬಚ್ಚಲುಮನೆಯಿಂದ ಅಕ್ಕ ಕೂಗಿದ ಕೂಗಿಗೆ ಬಟಾಣಿಯ ಕೈಯಲ್ಲಿದ್ದ ಪೆನ್ಸಿಲ್ ಕೆಳಗೆ ಬಿತ್ತು. ಬಟಾಣಿ ಅಂದರೆ ಆ ಮನೆಯ ಕಿರಿಯವಳು, ಐದನೇ ಕ್ಲಾಸು. ಹುಟ್ಟಿದಾಗ ದುಂಡು ದುಂಡಗೆ ಇದ್ದಳಂತೆ. ಈಗ ಕಡ್ಡಿಯ ಹಾಗಿದ್ದರೂ ಆ ಹೆಸರು ಮಾತ್ರ ಅವಳನ್ನು ಬಿಟ್ಟಿಲ್ಲ.

ಅಮ್ಮನ ಹಿಂದೆಯೇ ಅವಳೂ ಓಡಿದಳು. ಅಕ್ಕನ ಕೆನ್ನೆಗಳು ಕೆಂಪಾಗಿದ್ದವು. ಮೂಗಿನ ಪಕ್ಕದಲ್ಲಿ ಚರ್ಮ ಸುಲಿದಿತ್ತು. ನಾಡಿದ್ದು ಕಾಲೇಜಿನಲ್ಲಿ ನಾಟಕ. ಅಕ್ಕನೇ ರಾಣಿ!

“ನೀರು ಸೋಕಿದ್ರೂ ಉರಿಯತ್ತೆ. ಮೇಕಪ್ ಹೇಗೆ ಹಚ್ಚಲಿ? ಮೇಡಂ ನನ್ನ ಪಾತ್ರ ಬೇರೆಯವರಿಗೆ ಕೊಟ್ಬಿಡ್ತಾರೆ!”

“ಮೊಡವೆಗೆ ಕೊಟ್ಟಿದ್ದನ್ನ ಡಾಕ್ಟರ್ ಹೇಳಿದ ಹಾಗೇ ಹಚ್ಕೋತಿದ್ದೀಯಾ ತಾನೇ?” ಅಮ್ಮ ಕೇಳಿದಳು.

“ಹೂಂ ಅಮ್ಮಾ! ಒಂದು ರಾತ್ರಿ ಸೀರಮ್, ಮಾರನೇ ರಾತ್ರಿ ರೆಟಿನಾಲ್. ಎರಡೂ ಜೋರು ಔಷಧಿ. ಆಮೇಲೆ ಎರಡು ರಾತ್ರಿ ರಜೆ, ಬರೀ ಮಾಯಿಶ್ಚರೈಸರ್. ರಿಹರ್ಸಲ್ ಗಲಾಟೇಲಿ ಮರೆತುಹೋಗತ್ತೆ ಅಂತ ರಜೆ ದಿನ ಎರಡೂ ಬಾಟಲೀನ ಗೋಡೆ ಕಡೆ ತಿರುಗಿಸಿ ಇಡ್ತೀನಿ. ಮುಂದಕ್ಕೆ ತಿರುಗಿದ್ರೆ ಮಾತ್ರ ಹಚ್ಚೋದು. ತಪ್ಪೋಕೆ ಸಾಧ್ಯಾನೇ ಇಲ್ಲ. ಇದು ನೀನು ತಂದ ಹೊಸ ಸೋಪಿಂದೇ ಕೆಲಸ!”

ಬಟಾಣಿ ಮೆಲ್ಲಗೆ ಶೆಲ್ಫಿನ ಕಡೆ ನೋಡಿದಳು.

ಬಚ್ಚಲುಮನೆಯ ಶೆಲ್ಫ್ ಒರೆಸುವುದು ಅವಳ ಪಾಲಿನ ಕೆಲಸ. ಅವಳೋ ಮಹಾ ಅಚ್ಚುಕಟ್ಟು. ಪೇಸ್ಟು, ಬಾಚಣಿಗೆ ಎಲ್ಲವೂ ಸಾಲಾಗಿ ನಿಲ್ಲಬೇಕು. ಅಂಥದ್ದರಲ್ಲಿ ಎರಡು ಬಾಟಲಿಗಳು ಮುನಿಸಿಕೊಂಡವರ ಹಾಗೆ ಗೋಡೆ ನೋಡುತ್ತಾ ನಿಂತರೆ? ಹೋದ ವಾರದಿಂದ ಅವಳು ಒರೆಸಿದಾಗಲೆಲ್ಲ ಅವುಗಳನ್ನು ಮುಂದಕ್ಕೆ ತಿರುಗಿಸಿ, ಲೇಬಲ್ ಕಾಣುವ ಹಾಗೆ ಇಟ್ಟಿದ್ದಳು.

ಅಮ್ಮ ಪೆಚ್ಚುಮೋರೆ ಹಾಕಿಕೊಂಡಳು. “ಅಂಗಡಿಯವನು ಒಳ್ಳೇದು ಅಂದ ಕಣೇ, ಅದಕ್ಕೇ ತಂದೆ” ಎಂದು ಸೋಪನ್ನು ಪೇಪರಿನಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿದಳು. ಅಕ್ಕ ಅಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ಬಟಾಣಿ ಲೆಕ್ಕದ ಪುಸ್ತಕದ ಮುಂದೆ ಕೂತಳು. ಒಂದಂಕಿಯೂ ತಲೆಗೆ ಹೋಗಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಒಳಗೆ ಅಮ್ಮ ಒಬ್ಬಳೇ ಪಾತ್ರೆ ತೊಳೆಯುತ್ತಿದ್ದಳು. ದಿನವೂ ಏನಾದರೂ ಗುನುಗುವ ಅಮ್ಮ ಇವತ್ತು ತುಟಿ ಬಿಚ್ಚಿರಲಿಲ್ಲ. ಬಟಾಣಿ ಪುಸ್ತಕ ಮುಚ್ಚಿದಳು.

ಎದ್ದು ಅಕ್ಕನ ಕೋಣೆಗೆ ಹೋದಳು.

“ಅಕ್ಕಾ, ಸೋಪಲ್ಲ.”

“ಏನು ಸೋಪಲ್ಲ?”

“ಬಾಟಲಿ ತಿರುಗಿಸಿದ್ದು ನಾನು. ನೀಟಾಗಿ ಕಾಣ್ಲಿ ಅಂತ. ನಂಗೆ ಗೊತ್ತಿರ್ಲಿಲ್ಲ ಅಕ್ಕಾ.”

ಅಕ್ಕ ನಾಲ್ಕು ಬಯ್ದಿದ್ದರೆ ಬಟಾಣಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಕ್ಕ ಬಯ್ಯಲಿಲ್ಲ. ನೆಟ್ಟಗೆ ಅಡುಗೆಮನೆಗೆ ಹೋಗಿ, “ಸೋಪಲ್ವಂತಮ್ಮ, ನಾನು ಸುಮ್ನೆ ನಿನ್ನ ಮೇಲೆ ಹಾರಾಡಿದೆ” ಎಂದಳು. ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡಳು.

ಅಮ್ಮ ಡಾಕ್ಟರಿಗೆ ಫೋನ್ ಮಾಡಿದಳು. ಸ್ಪೀಕರಿನಲ್ಲಿ ಡಾಕ್ಟರಮ್ಮನ ದನಿ ಕೇಳಿಸಿತು: “ಎಲ್ಲಾ ನಿಲ್ಲಿಸಿ. ಬರೀ ಮಾಯಿಶ್ಚರೈಸರ್ ಸಾಕು. ಬೇಗ ವಾಸಿಯಾಗ್ಲಿ ಅಂತ ಮತ್ತೆ ಮತ್ತೆ ಏನಾದ್ರೂ ಹಚ್ಚಿದ್ರೆ ಇನ್ನೂ ಉರಿಯತ್ತೆ. ಅದರ ಪಾಡಿಗೆ ಬಿಡಿ. ನಾಳೆ ನನಗೆ ಮುಖ ತೋರಿಸಿ, ನಾಟಕದ ವಿಷಯ ಆಮೇಲೆ ಹೇಳ್ತೀನಿ.”

ಹಾಗಾದರೆ ಅಕ್ಕ ರಾಣಿಯಾಗುತ್ತಾಳೋ ಇಲ್ಲವೋ? ಡಾಕ್ಟರಿಗೇ ಗೊತ್ತಿಲ್ಲವೆಂದರೆ ಇನ್ಯಾರಿಗೆ ಗೊತ್ತು?

ಬಟಾಣಿ ಬಾಗಿಲ ಬಳಿ ಹೋಗಿ, “ಸಾರಿ ಅಕ್ಕಾ” ಎಂದಳು. ಸ್ವಲ್ಪ ಹೊತ್ತಿಗೆ ಒಂದು ಲೋಟ ನೀರು ಹಿಡಿದು ಬಂದು, “ಸಾರಿ ಅಕ್ಕಾ.” ಮತ್ತೆ ತನ್ನ ಪಾಲಿನ ಚಾಕೊಲೇಟ್ ತಂದು, “ಅಕ್ಕಾ, ತುಂಬಾ ತುಂಬಾ ಸಾರಿ.”

“ಎಷ್ಟು ಸಲ ಹೇಳ್ತೀಯೇ?” ಒಳಗಿನಿಂದ ಅಕ್ಕ ಸಿಡುಕಿದಳು. “ನೀನು ಹೇಳಿದಷ್ಟೂ ನಂಗೆ ಸಿಟ್ಟು ಬರತ್ತೆ!”

ಬಟಾಣಿಯ ಕಣ್ಣು ತುಂಬಿಬಂತು. ಚಾಕೊಲೇಟನ್ನು ಬಾಗಿಲ ಹೊರಗೇ ಇಟ್ಟು ಬಂದಳು.

ಊಟವಾದ ಮೇಲೆ ಹಲ್ಲುಜ್ಜಲು ಬಚ್ಚಲುಮನೆಗೆ ಹೋದಳು. ಎರಡು ಬಾಟಲಿಗಳೂ ಗೋಡೆ ಕಡೆ ತಿರುಗಿದ್ದವು. ಅಭ್ಯಾಸಬಲದಿಂದ ಅವಳ ಕೈ ಅತ್ತ ಹೋಯಿತು. ಥಟ್ಟನೆ ನಿಂತಿತು. ಅವಳು ಅವುಗಳ ಸುತ್ತ ಮಾತ್ರ ಬಟ್ಟೆ ಆಡಿಸಿ ನೀರು ಒರೆಸಿದಳು.

ವಾಪಸು ಬರುವಾಗ ನೋಡಿದರೆ ಬಾಗಿಲ ಹೊರಗೆ ಚಾಕೊಲೇಟ್ ಇನ್ನೂ ಹಾಗೇ ಇತ್ತು. ಒಳಗೆ ಅಕ್ಕ ಮೆಲ್ಲಗೆ ರಾಣಿಯ ಮಾತುಗಳನ್ನು ಹೇಳಿಕೊಳ್ಳುತ್ತಿದ್ದಳು.

ಇನ್ನೊಂದು ‘ಸಾರಿ’ ಬಟಾಣಿಯ ನಾಲಿಗೆಯ ತುದಿಗೆ ಬಂದಿತ್ತು. ಬಾಗಿಲು ತಟ್ಟಲು ಕೈಯನ್ನೂ ಎತ್ತಿದ್ದಳು.

ಮೆಲ್ಲಗೆ ಕೈ ಇಳಿಸಿದಳು. ಸಪ್ಪಳವಾಗದಂತೆ ನಡೆದುಹೋಗಿ, ಹೊದಿಕೆ ಎಳೆದುಕೊಂಡು, ಗೋಡೆ ಕಡೆ ತಿರುಗಿ ಮಲಗಿದಳು.